ನೀರು ಅಲುಗದ ಮನೆ

ಊರಿಗಾಂ,
೧೧-೯-೧೯೫೭, ಬುಧವಾರ

ನನ್ನವರಿಗೆ,

ಕಾನ್ವೆಂಟಿನಲ್ಲಿ ‘ಮೈ ಡಿಯರ್’ ಎಂದು ಶುರುಮಾಡಲು ಕಲಿಸಿದ್ದರು, ಅತ್ತೆಯವರು ‘ಪಾದಾರವಿಂದಗಳಿಗೆ’ ಎಂದು ಬರೆ ಅಂದರು. ಮೂರು ಹಾಳೆ ಹರಿದ ಮೇಲೆ ಇದು ಉಳಿಯಿತು, ಒಪ್ಪಿಕೊಳ್ಳಿ. ಕೆಮ್ಮು ಹೇಗಿದೆ? ಧನಬಾದಿನ ಮೆಸ್ಸಿನವರು ಇನ್ನೂ ಎಲ್ಲಕ್ಕೂ ಸಾಸಿವೆ ಎಣ್ಣೆಯನ್ನೇ ಹಾಕುತ್ತಾರೆಯೆ? ಚಟ್ನಿಪುಡಿ ಡಬ್ಬಿ ಸೇರಿತೆ? ರಾತ್ರಿ ಓದುವಾಗ ಶಾಲು ಹೊದ್ದುಕೊಳ್ಳಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಾನಂತೂ ಎಷ್ಟು ಚೆನ್ನಾಗಿದ್ದೇನೆಂದರೆ ಒಂದು ಕಡೆ ಕೂರಲಾರೆ. ಒಂದೇ ಬೀರುವನ್ನು ಎರಡು ಸಲ ಜೋಡಿಸಿದೆ, ಈ ಕಾಗದದ ನಡುವೆ ನಾಲ್ಕು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ.

ಸೋಮವಾರ ಬೆಳಿಗ್ಗೆ ಏರ್‌ಬ್ಲಾಸ್ಟ್ ಆಯಿತು. ನಿಮಗೆ ಇದೊಂದು ಸುದ್ದಿಯೇ ಅಲ್ಲ, ಹುಟ್ಟಿದಾಗಿನಿಂದ ಕೇಳಿದವರು. ಬಂಗಾರಪೇಟೆಯಲ್ಲಿ ರೈಲಿನ ಸದ್ದಿಗೆ ಬೆಳೆದ ನನಗೆ ನಾಲ್ಕು ತಿಂಗಳಾದರೂ ಅಭ್ಯಾಸವಾಗಿಲ್ಲ. ನೆಲದೊಳಗೆ ಬಂಡೆ ಸಿಡಿದರೆ ಇಲ್ಲಿ ಗೂಡಿನಲ್ಲಿರುವ ಲೋಟಗಳೆಲ್ಲ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ, ಮಾವನವರ ಫೋಟೋ ಎಡಕ್ಕೆ ವಾಲುತ್ತದೆ. ಅತ್ತೆಯವರು ಒಲೆ ಮುಂದಿನಿಂದ ಎದ್ದು ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತಾರೆ, ಆಸ್ಪತ್ರೆ ಗಾಡಿಯ ಗಂಟೆ ಕೇಳುತ್ತದೆಯೇ ಎಂದು ಕಿವಿಗೊಡುತ್ತಾರೆ. ಕೇಳದಿದ್ದರೆ ಫೋಟೋ ನೇರ ಮಾಡಿ ಮತ್ತೆ ರಾಗಿ ಹಿಟ್ಟಿಗೆ ನೀರು ಹಾಕುತ್ತಾರೆ. ಲೈನಿನ ಸಾಲುಮನೆಗಳ ಹೆಂಗಸರೆಲ್ಲರೂ ಹೀಗೆಯೇ. ಈಗ ನೀವು ಕೆಳಗೆ ಗಣಿಯಲ್ಲಿಲ್ಲ, ದೂರದಲ್ಲಿ ಪರೀಕ್ಷೆಯ ಪುಸ್ತಕದ ಮುಂದೆ ಕೂತಿದ್ದೀರಿ ಎಂದು ಗೊತ್ತಿದ್ದೂ ನನ್ನ ಕೈ ತಾನಾಗಿ ಗೋಡೆಗೆ ಹೋಯಿತು.

ಇನ್ನು ನಿಜವಾದ ಸುದ್ದಿ. ನಗಬೇಡಿ. ಹೋದ ವಾರ ತವರಿಗೆ ಹೋಗಿದ್ದಾಗ ಅಪ್ಪ ಇಂಗ್ಲಿಷ್ ಪೇಪರಿನಿಂದ ಕತ್ತರಿಸಿಟ್ಟಿದ್ದ ಒಂದು ಜಾಹೀರಾತು ತೋರಿಸಿದರು: ಹಳೆಯ ಕಾಲದ ತೋಟದ ಮನೆ, ಹೂದೋಟ, ಸುತ್ತ ಹೊಲಗಳು, ಮಾರಾಟಕ್ಕಿದೆ. ಕಾಮಸಮುದ್ರದ ರಸ್ತೆಯಲ್ಲಂತೆ. ಗಣಿಯ ಹಳೆಯ ಎಂಜಿನಿಯರ್ ದೊರೆಯೊಬ್ಬರ ಹೆಂಡತಿ, ಮಿಸೆಸ್ ಪೆಂಬರ್ಟನ್, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು, ಈಗ ಇಂಗ್ಲೆಂಡಿಗೆ ಹಡಗು ಹತ್ತುತ್ತಾರೆ. ಅಪ್ಪ ಸುಮ್ಮನೆ ಕುತೂಹಲಕ್ಕೆ ತೋರಿಸಿದ್ದು. ನಾನು ಮಾರನೆಯ ದಿನವೇ ಅವರನ್ನು ಬಸ್ಸು ಹತ್ತಿಸಿದೆ.

ಅಯ್ಯೋ, ಆ ಮನೆ ನೋಡಬೇಕಿತ್ತು ನೀವು! ಮಂಗಳೂರು ಹೆಂಚು, ಮರದ ಜಾಲರಿಯ ವರಾಂಡ, ಬಾಗಿಲ ಮೇಲೆ ೧೯೧೧ ಎಂದು ಕೆತ್ತಿದ್ದಾರೆ. ಗುಲಾಬಿ ಸಾಲು, ಸಪೋಟ, ಸೀಬೆ, ಬಾವಿಯ ಹತ್ತಿರ ಒಂದು ಮುದಿ ಮಾವಿನ ಮರ, ಅದರಾಚೆ ಕಡಲೆಕಾಯಿ ಹೊಲ, ರಾಗಿ ಹೊಲ, ಬಂಡೆಗುಡ್ಡ. ಒಳಗೆ ಕೊಠಡಿಯಿಂದ ಕೊಠಡಿಗೆ ಓಡಿದೆ. ನಮ್ಮ ಪುಸ್ತಕ ಇಲ್ಲಿ, ನಿಮ್ಮ ನಕ್ಷೆ ಬಿಡಿಸುವ ಮೇಜು ಅಲ್ಲಿ, ಅತ್ತೆಯವರ ದೇವರು ಮೂಡಲ ಕಿಟಕಿಯ ಪಕ್ಕ. ಊಟದ ಮೇಜಿನ ಮೇಲೆ ಒಂದು ಲೋಟ ತುಂಬ ನೀರಿಟ್ಟು ನೋಡುತ್ತಾ ನಿಂತೆ. ಅರ್ಧ ಗಂಟೆ. ನೀರು ಅಲುಗಲಿಲ್ಲ. ಮಿಸೆಸ್ ಪೆಂಬರ್ಟನ್ ನೋಡಿ ತಾವೂ ಪಕ್ಕದಲ್ಲಿ ಬಂದು ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: ನನ್ನ ಗಂಡ ಗಣಿ ಕೆಲಸ ಬಿಟ್ಟ ಮೇಲೆಯೇ ನಾವು ಇಲ್ಲಿಗೆ ಬಂದದ್ದು, ಅದಕ್ಕೆ ಮುಂಚೆಯೇ ಬಂದಿದ್ದರೆ ಈ ಮನೆಯಲ್ಲಿ ಒಂದು ರಾತ್ರಿಯೂ ನನಗೆ ನಿದ್ದೆ ಬರುತ್ತಿರಲಿಲ್ಲ.

ಈಗ ನನ್ನ ತಪ್ಪು. ಅಪ್ಪ ಬಾವಿ ನೋಡಲು ಹೋಗಿದ್ದರು. ತೋಟ ನೋಡಿಕೊಳ್ಳುವ ಚಿಕ್ಕವೆಂಕಟಮ್ಮ ಒಂದು ತಟ್ಟೆ ತಂದಳು: ವೀಳ್ಯದೆಲೆ, ಅಡಿಕೆ, ಮಾವಿನ ಚಿಗುರು, ತೋಟದ ಮಣ್ಣಿನ ಒಂದು ಹೆಂಟೆ. ಮಿಸೆಸ್ ಪೆಂಬರ್ಟನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ನೀಡಿದರು. “ಸೆರಗೊಡ್ಡಿ ಈಸ್ಕೊಳಮ್ಮ, ನೀನ್ ನಮ್ ಅಮ್ಮಯ್ಯನಂಗೇ ಗಿಡ ಮುಟ್ಟಿ ಮಾತಾಡುಸ್ತೀಯ” ಅಂದಳು ಚಿಕ್ಕವೆಂಕಟಮ್ಮ. ಹೊಸ ಮದುವಣಗಿತ್ತಿಗೆ ಕೊಡುವ ಮರ್ಯಾದೆ ಇರಬೇಕು, ಮಣ್ಣು ಬಿಳಿಯರ ಪದ್ಧತಿ ಇರಬೇಕು ಎಂದುಕೊಂಡು ಸೆರಗೊಡ್ಡಿದೆ. ಅಪ್ಪ ಬಂದವರು ನನ್ನ ಸೆರಗು ನೋಡಿ ವರಾಂಡದ ಮೆಟ್ಟಿಲ ಮೇಲೆ ಕುಸಿದು ಕೂತರು. ಹೊಲಮನೆ ಮಾರುವವರು ಮಣ್ಣಿನ ಜೊತೆ ವೀಳ್ಯ ಕೊಟ್ಟು, ಕೊಳ್ಳುವವರು ತೆಗೆದುಕೊಂಡರೆ ಈ ಸೀಮೆಯಲ್ಲಿ ವ್ಯಾಪಾರ ಮುಗಿದ ಹಾಗಂತೆ. ಕಾಗದಪತ್ರ ಆಮೇಲಿನ ಮಾತು. ನಲವತ್ತು ವರ್ಷ ಇಲ್ಲಿದ್ದ ಆಕೆಗೆ ಇದು ಗೊತ್ತು, ಇಲ್ಲೇ ಹುಟ್ಟಿದ ನನಗೆ ಗೊತ್ತಿಲ್ಲ! ಬಂಗಾರಪೇಟೆಯಲ್ಲಿ ಬಸ್ಸು ಇಳಿಯುವಾಗ ಅಪ್ಪ, “ನಿನ್ ಗಂಡನ್ಗೆ ನೀನೇ ಬರ್ಕೊ ತಾಯಿ” ಅಂದರು.

ಅತ್ತೆಯವರಿಗೆ ಹೇಳಿದೆ. ಬೈಯಲಿಲ್ಲ. ಹೂವು ಕಟ್ಟುತ್ತಿದ್ದವರು ದಾರ ಕೈಯಲ್ಲೇ ಹಿಡಿದು, “ಅಷ್ಟು ದೂರ ಕೂತ್ಕಂಡ್ರೆ ಇಲ್ಲಿ ನೆಲ ಅದುರಿದ್ದು ಗೊತ್ತಾಗಲ್ಲ ಕಣಮ್ಮ. ನಮ್ಮೋನು ಕೆಳಗಿರ್ತಾನೆ. ಗೊತ್ತಾಗ್ದೆ ಎಂಗಿರ್ತೀಯ?” ಅಂದರು. ಅಂದಿನಿಂದಲೇ ಈ ಬೀರು ಜೋಡಿಸುವ ಹುಚ್ಚು.

ನೀವು ಸಿಟ್ಟಾಗಬೇಡಿ. ಆಗುವುದಾದರೆ ಒಂದೇ ಸಲ ಆಗಿ ಮುಗಿಸಿಬಿಡಿ. ಅಪ್ಪ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಅತ್ತೆಯವರು ಕೆಮ್ಮಿಗೆ ಮೆಣಸಿನ ಕಷಾಯ ಮರೆಯಬೇಡ ಎಂದಿದ್ದಾರೆ, ನಾನು ಹೇಳಬೇಕಾದ್ದು ಇಷ್ಟು ಸಣ್ಣ ಹಾಳೆಯಲ್ಲಿ ಹಿಡಿಯುವುದಿಲ್ಲ.

ಎಂದೆಂದೂ ನಿಮ್ಮ,
ವಿಶಾಲು

ತಾ.ಕ.: ಟಪ್ಪಾಲಿನವನು ಪಕ್ಕದ ಲೈನಿಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಬರೆದೆ. ವೀಳ್ಯದ ಅರ್ಥ ನನಗೆ ಗೊತ್ತಿತ್ತು. ತಾತ ಹೊಲ ಕೊಂಡಾಗ ಅಂಥದೇ ಹೆಂಟೆಯನ್ನು ನನ್ನ ಲಂಗದಲ್ಲಿ ಕಟ್ಟಿಸಿ ಮನೆಗೆ ತಂದಿದ್ದರು, ನನಗಾಗ ಏಳು ವರ್ಷ. ಪರೀಕ್ಷೆ ಪಾಸಾದರೆ ಇನ್ನೂ ಆಳದ ಕೆಲಸ ಸಿಗುತ್ತದೆ ಎಂದು ನೀವು ಹೋದ ಕಾಗದದಲ್ಲಿ ಅಷ್ಟು ಸಂತೋಷದಿಂದ ಬರೆದಿದ್ದಿರಿ. ಆ ಮನೆಗೆ ಬರುವುದಾದರೆ ಗಣಿ ಬಿಟ್ಟೇ ಬರಬೇಕು ಎಂದು ತಿಳಿದೇ ಸೆರಗೊಡ್ಡಿದೆ. ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು. ಕೇಳಿದ್ದರೆ ನೀವು ನಕ್ಕು ಸುಮ್ಮನಾಗಿಸುತ್ತಿದ್ದಿರಿ. ಬೇಡವಾದರೆ ಬಂದು ನೀವೇ ವೀಳ್ಯ ಹಿಂದಿರುಗಿಸಿ, ನನ್ನ ಕೈಲಾಗದು. ಮಣ್ಣಿನ ಹೆಂಟೆ ಮಾತ್ರ ಸಿಗುವುದಿಲ್ಲ. ಅದನ್ನು ತುಳಸಿ ಕಟ್ಟೆಗೆ ಹಾಕಿ ನೀರು ಹೊಯ್ದಾಗಿದೆ. ಹಾಕಿದ್ದು ನಾನಲ್ಲ, ಅತ್ತೆಯವರು.