ಆರು ಚೀಲ ಉಪ್ಪು

ಜನವರಿ ೧೮, ಭಾನುವಾರ. ನಿಜಲಿಂಗಪ್ಪ ಬಡಾವಣೆ, ದಾವಣಗೆರೆ. ಕೊಂಡಜ್ಜಿಯ ನಮ್ಮ ಹೊಲದಲ್ಲಿ ರಾಡಾರ್ ತಂಡದ ಕೆಲಸ ಮೊನ್ನೆ ಮುಗಿಯಿತು.

ಅಪ್ಪಾಜಿ,

ನಿಮ್ಮ ಮೇಲೆ ಸಿಟ್ಟು ಬಂದಿದೆ. ತೀರಿಕೊಂಡು ಐದು ವರ್ಷವಾದವರ ಮೇಲೆ ಸಿಟ್ಟಾಗುವುದು ಸರಿಯಲ್ಲ, ಗೊತ್ತು. ಆದರೆ ಪೂರ್ತಿ ಕೇಳಿ ಆಮೇಲೆ ಹೇಳಿ.

ನೇಗಿಲಿಗೆ ಆ ಹಳೆಯ ಇಟ್ಟಿಗೆ ಸಿಕ್ಕ ದಿನ ನೆನಪಿದೆಯೇ? ಅದನ್ನು ತೊಳೆದು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು, ನಮ್ಮ ಹೊಲದಡಿ ಒಂದು ಪಟ್ಟಣವಿದೆ, ಮೂಡಣ ಬದುವಿನ ಹತ್ತಿರ ಅದರ ಕೋಟೆಬಾಗಿಲಿದೆ ಎಂದಿರಿ. ಆಮೇಲೆ ಮೂವತ್ತು ವರ್ಷ ಅದೇ ಮಾತು. ಊರವರು ನಕ್ಕರು. ನಾನು ಅನುವಾದದ ಕಾದಂಬರಿ ಹಿಡಿದು ಕೂತರೆ, "ದೂರದೇಶದ ಬೀದಿ ಬೀದಿ ಗೊತ್ತು ಇವಳಿಗೆ, ಕಾಲ ಕೆಳಗಿನ ಊರು ಗೊತ್ತಿಲ್ಲ" ಎಂದು ಕೆಣಕುತ್ತಿದ್ದಿರಿ. ಕೊನೆಗೆ ಪುರಾತತ್ವ ಇಲಾಖೆಗೆ ಅರ್ಜಿ ಬರೆದು ಬರೆದು ತಂಡವನ್ನು ಕರೆಸಿದವಳು ಯಾರು?

ಮಗುವಿನ ತಳ್ಳುಗಾಡಿಯಂಥ ಯಂತ್ರ. ನೆಲದೊಳಗೆ ಅಲೆ ಕಳಿಸುತ್ತದೆ. ಕಲ್ಲೋ ಇಟ್ಟಿಗೆಯೋ ತಾಗಿದರೆ ಅಲೆ ಮರಳಿ ಬಂದು ಪರದೆಯ ಮೇಲೆ ಗೆರೆಯಾಗುತ್ತದೆ. ಅಗೆಯುವುದೇ ಬೇಡ. ದಾರ ಕಟ್ಟಿ, ಮೊಳಕ್ಕೊಂದು ಸಾಲಿನಂತೆ ನಾಲ್ಕು ದಿನ ತಳ್ಳಿದರು. ಗೋಡೆ ಇದೆ, ಅಪ್ಪಾಜಿ. ಉತ್ತರದಿಂದ ಒಂದು, ದಕ್ಷಿಣದಿಂದ ಒಂದು, ಎರಡೂ ನೀವು ಹೇಳಿದ ಜಾಗಕ್ಕೇ ಬರುತ್ತವೆ. ನಡುವೆ ಬಾಗಿಲಿತ್ತೋ, ಗೋಡೆಯೇ ಮುಂದುವರಿದಿತ್ತೋ, ಅದೊಂದು ಉಳಿದಿತ್ತು. ಅಲ್ಲಿಗೆ ಬಂದಾಗ ಪರದೆ ಬರಿದಾಯಿತು.

ತಂಡದ ಮುಖ್ಯಸ್ಥೆ ಶಬಾನಾ, ಹರಿಹರದವಳು. "ಮೇಡಂ, ಇಲ್ಲಿ ಕೆಳಗೆ ಏನೈತ್ರೀ?" ಎಂದಳು.

"ನಮ್ಮಪ್ಪ."

"ಮನುಷ್ಯ ಇಷ್ಟು ಅಡ್ಡ ಬರಲ್ಲ ಬಿಡ್ರಿ. ಜತಿಗೆ ಏನು ಹಾಕೀರಿ?"

"ವಿಭೂತಿ. ಉಪ್ಪು."

"ಎಷ್ಟು?"

"ಆರು ಚೀಲ."

ಅವಳು ಬದುವಿನ ಮೇಲೆ ಕೂತೇ ಬಿಟ್ಟಳು. ಉಪ್ಪು ಕೂಡಿದ ನೆಲ ಅಲೆಯನ್ನು ನುಂಗಿಬಿಡುತ್ತದಂತೆ. ಐದು ಮಳೆಗಾಲ ಅದನ್ನು ಸುತ್ತಲೂ ಹರಡಿವೆ.

ಕೊನೆಯ ವಾರ ನೀವು ಹೇಳಿದ್ದು ಇದನ್ನೇ: "ಬಾಗಿಲ ಮೇಲೆ ನನ್ನ ಕೂಡಸ್ರಿ. ಆಮೇಲೆ ಯಾವನೂ ಅಲ್ಲಿ ಬೋರು ಕೊರೆಯಂಗಿಲ್ಲ. ಉಪ್ಪಿಗೆ ಕೈ ಬಿಗಿ ಹಿಡಿಬ್ಯಾಡ್ರಿ." ಬಾಗಿಲು ಕಾಯಲು ಕೂತವರು ನೀವೇ ಅದನ್ನು ಮುಚ್ಚಿಬಿಟ್ಟಿರಲ್ಲ. ಹರಿಹರದ ಪೇಟೆಯಿಂದ ಆ ಚೀಲಗಳನ್ನು ತಂದವಳು ನಾನು. ಉಪ್ಪಿನ ಈ ಗುಣ ಮೊದಲೇ ಗೊತ್ತಿದ್ದರೆ...

ಈಗ ಅಗೆದೇ ನೋಡಬೇಕು. ಇಲ್ಲವಾದರೆ ವರದಿಯಲ್ಲಿ 'ಬಾಗಿಲು ಖಚಿತವಿಲ್ಲ' ಎಂದು ಬರೆಯುತ್ತಾರೆ, ಮತ್ತೆ ಯಾರೂ ಬರುವುದಿಲ್ಲ. ನಿಮ್ಮನ್ನು ಕದಲಿಸಬೇಕಿಲ್ಲ. ನಿಮ್ಮ ಬಲಗಡೆ ಆಳುದ್ದದ ಒಂದು ಗುಂಡಿ ಸಾಕು ಎಂದಳು ಶಬಾನಾ. ಆದರೆ ಕಟ್ಟಡ ಸಿಕ್ಕರೆ ಆ ಜಾಗದಲ್ಲಿ ಮುಂದೆ ಯಾರನ್ನೂ ಮಣ್ಣು ಮಾಡುವಂತಿಲ್ಲ. ನಿಮ್ಮ ಬಲಗಡೆ ಯಾರ ಜಾಗ ಎಂದು ನಿಮಗೆ ಗೊತ್ತು. ಅವ್ವನೇ ಹಟ ಹಿಡಿದು ತನಗೆಂದು ಬಿಡಿಸಿಕೊಂಡದ್ದು.

ನಿನ್ನೆ ಅವಳಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದಳು.

"ಮಶಿನ್ನಿಗೂ ಸತಾಯ್ಸಿದ್ರಾ? ಬದುಕಿದ್ದಾಗ್ಲೂ ಹಂಗೇ, ಕೇಳಿದ್ದಕ್ಕೆ ನೆಟ್ಟಗೆ ಉತ್ರ ಕೊಟ್ಟೋರಲ್ಲ" ಎಂದಳು. ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, "ಅಗಿಸು. ಅವರ ಪಕ್ಕ ನಲವತ್ತೆಂಟು ವರ್ಷ ಕೂತೀನಿ, ಸಾಕು."

ಇನ್ನೂ ನಾಲ್ಕು ಕಾಯಿ ಸುಲಿದು, ತಲೆ ಎತ್ತದೆ, "ಬೇವಿನ ಮರದ ಕಡೆ ನಂಗೊಂದು ಜಾಗ ನೋಡು. ಅಲ್ಲಿಂದ ಅವರು ಕಾಣ್ಬೇಕು" ಎಂದಳು.

ನಾಳೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವುದೆಂದು ತೀರ್ಮಾನಿಸಿದ್ದೇನೆ. ಪತ್ರ ಮೇಜಿನ ಮೇಲಿದೆ. ಇನ್ನೂ ಸಹಿ ಮಾಡಿಲ್ಲ.