ಸಾವಿರ ಗಂಟಿನ ನಡುಪಟ್ಟಿ

ತಂಗೀ,
ನಮ್ಮ ಮನೆತನದ ಹಿರಿಯಳು, ಮೆಟ್ರಿಕ್ ಓದಿದ ನಿನ್ನ ಅಕ್ಕ ಬಂಗಾರೆವ್ವ ಅಮೆರಿಕದ ಸ್ಯಾನ್ ಮಟಿಯೋದಿಂದ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಜಪಾನಿ ಮುದುಕಿ ಕೆಂಪು ದಾರದ ಗಂಟುಗಳಿರುವ ಹಳೆಯ ನಡುಪಟ್ಟಿ ತಂದು, ನಾನೂ ಒಂದು ಗಂಟು ಹಾಕಬೇಕೆಂದಳು. ಮಾಟವಿರಬೇಕೆಂದು ಬಾಗಿಲಲ್ಲೇ ನಿಲ್ಲಿಸಿದೆ.

"ಅತ್ತಿ, ಸಾವಿರ ಹೆಂಗಸ್ರು ಒಂದೊಂದು ಗಂಟು ಹಾಕಿದ್ರ, ಅದನ್ನ ಕಟ್ಟಿಕೊಂಡಾವಗ ಗುಂಡು ತಾಗೂದಿಲ್ಲಂತ. ಎರಡನೇ ಮಹಾಯುದ್ಧದಾಗ ಆಕಿ ಅಣ್ಣ ಜಪಾನಿನ ನೇವಿಯೊಳಗ ವಿಮಾನ ಹಾರಸೂ ಟ್ರೇನಿಂಗಿನ್ಯಾಗ ಇದ್ದ. ಪಟ್ಟಿ ಮುಗಿಯೂ ಮೊದಲ ಯುದ್ಧಕ್ಕ ಕಳಿಸಿದ್ರು, ತಿರುಗಿ ಬರಲಿಲ್ಲ. ಈಕಿ ಇನ್ನೂ ಪೂರ್ತಿ ಮಾಡಾಕತ್ತಾಳ," ಎಂದಳು ಸೊಸೆ ಆರತಿ.

ಸತ್ತವನಿಗೆ ಎಂಥ ರಕ್ಷೆ? "ನಾ ಗಂಡನ್ನ ಕಳಕೊಂಡಾಕಿ, ನಡೀತೈತೇನು ಕೇಳು," ಎಂದೆ. ಆರತಿ ಕೇಳಿದಳು; ಮುದುಕಿ ಸೂಜಿ ಮುಂದೆ ಹಿಡಿದಳು. ನಿನ್ನ ಮಗಳ ಮದುವೆಯಲ್ಲಿ ಅರಿಶಿನ ಹಚ್ಚಲು ನನ್ನನ್ನು ಯಾರೂ ಕರೆಯಲಿಲ್ಲ.

ಮೊಣಕಾಲು ನೋವು ಕಡಿಮೆಯಿದೆ. ಸಂಶಯ ಹೋಗಿಲ್ಲ, ಗಂಟು ಹಾಕಿ ಕೊಟ್ಟಿದ್ದೇನೆ.