ಅಜ್ಜಿಯ ಕಿವಿಗೆ ಎಟುಕುವ ಲೆನ್ಸ್

ತಮಾಶಿಮಾ
ನವೆಂಬರ್ ೧೮, ಸೋಮವಾರ ಬೆಳಿಗ್ಗೆ

ಮುದ್ದಿನ ಮೊಮ್ಮಗಳು ಕೊನಾತ್ಸುವಿಗೆ,

ಹೇಗಿದ್ದೀಯೆ ಮಗಳೇ? ನಿಮ್ಮ ಹೊಕ್ಕೈದೋದಲ್ಲಿ ಆಗಲೇ ಹಿಮ ಬಿದ್ದಿದೆಯೆಂದು ಟಿವಿಯವರು ಹೇಳಿದರು. ಬೆಳಗಿನ ಜಾವ ಕರು ಹಾಕಿಸಲು ಹೋಗುವಾಗ ಕಿವಿಗೆ ಬಟ್ಟೆ ಸುತ್ತಿಕೊಂಡು ಹೋಗು. ಹಸುವಿನ ಡಾಕ್ಟರಿಗೇ ನೆಗಡಿಯಾದರೆ ಹಸುಗಳು ನಗುತ್ತವೆ. ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನನ್ನ ಮೊಣಕಾಲು ಮಳೆ ಬರುವುದಕ್ಕೆ ಮೊದಲೇ ಸುದ್ದಿ ಕೊಡುತ್ತದೆ, ನಿನ್ನ ಅಜ್ಜಿಯ ಕಿವಿ ಮಳೆ ಬಂದು ನಿಂತರೂ ಕೊಡುವುದಿಲ್ಲ. ಕಿವಿಯ ಯಂತ್ರ ಹಾಕಿಸಿಕೋ ಅಂದರೆ, "ಕೇಳಬೇಕಾದ್ದೆಲ್ಲ ಕೇಳಿ ಮುಗಿಸಿದೀನಿ, ಇನ್ನೇನು ಉಳಿದಿದೆ?" ಎನ್ನುತ್ತಾಳೆ. ಅದಕ್ಕೆ ನಾನು ಉತ್ತರ ಕೊಟ್ಟರೂ ಅವಳಿಗೆ ಕೇಳುವುದಿಲ್ಲವಲ್ಲ, ಹಾಗಾಗಿ ಗೆಲುವು ಯಾವಾಗಲೂ ಅವಳದೇ.

ನೀನು ನನ್ನ ತಲೆಗೆ ಎರಡು ಕೆಲಸ ಕಟ್ಟಿದ್ದೆ. ಒಂದು, ಬೇಸಿಗೆಯಲ್ಲಿ ಬಿಟ್ಟುಹೋದ ನಿನ್ನ ಪುಟ್ಟ ಮಿರರ್‌ಲೆಸ್ ಕ್ಯಾಮೆರಾ. ಅದರ ಜೂಮ್ ಲೆನ್ಸನ್ನು ಹಸು ಒದ್ದು ಮುರಿದಿತ್ತು. "ಅಜ್ಜಾ, ಜೂಮು ಗೀಮು ಬೇಡ. ಒಂದೇ ಅಳತೆಯ ಚಿಕ್ಕ ಲೆನ್ಸ್ ಆರಿಸಿಕೋ, ಅದರಲ್ಲಿ ಅಜ್ಜಿಯ ಒಂದು ಒಳ್ಳೆಯ ಫೋಟೋ ತೆಗಿ" ಎಂದಿದ್ದೆ. ಇನ್ನೊಂದು, ಹೋದ ತಿಂಗಳ ಕಾಗದದಲ್ಲಿ ಬಂದದ್ದು. ದೈಗೊ ಎಂಬ ಹಸು ಸಾಕುವ ಹುಡುಗನನ್ನು ಮದುವೆಯಾಗಿ ಅಲ್ಲೇ ಉಳಿಯಬೇಕೆಂದಿದ್ದೀಯೆ, ಅದನ್ನು ನಾನು ಅಜ್ಜಿಗೆ ಹೇಳಬೇಕು. ಫೋನಿನಲ್ಲಿ ಅವಳಿಗೆ ಕೇಳುವುದಿಲ್ಲ. ಕಾಗದದಲ್ಲಿ ಬರೆದರೆ ಓದುವಾಗ ಅವಳ ಮುಖ ಹೇಗಾಯಿತೆಂದು ನಿನಗೆ ತಿಳಿಯುವುದಿಲ್ಲ. "ನೀನೇ ಹೇಳಿ, ಮುಖ ನೋಡಿ ಬರಿ ಅಜ್ಜಾ, ಅಜ್ಜಿಯ ಮುಖ ಬಾಡಿದರೆ ನಾನು ಮುಂದೆ ಹೆಜ್ಜೆ ಇಡಲಾರೆ" ಎಂದು ಬರೆದಿದ್ದೆ. ನಿನ್ನನ್ನು ಐದು ವರ್ಷದವಳಿದ್ದಾಗಿನಿಂದ ಎತ್ತಿ ಬೆಳೆಸಿದವಳು ಅವಳು. ಮೊಮ್ಮಗಳು ಒಂದು ದಿನ ಊರಿಗೆ ಮರಳುತ್ತಾಳೆಂದು ಇಂದಿಗೂ ನಿನ್ನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಾಳೆ. ಈಗ ಕಾಗದ ತಿರುಗಿಸಿ ಕೊನೆ ನೋಡಬೇಡ. ಚಿಕ್ಕವಳಿದ್ದಾಗಲೂ ಕಥೆಯ ಕೊನೆ ಮೊದಲು ಹೇಳು ಎಂದು ಹಟ ಮಾಡುತ್ತಿದ್ದೆ, ಆಗಲೂ ನಾನು ಹೇಳಲಿಲ್ಲ.

ಫೋಟೋದ ಕಥೆಯಿಂದಲೇ ಶುರು ಮಾಡುತ್ತೇನೆ. ನಮ್ಮ ವಯಸ್ಸಿನವರೆಲ್ಲ ಸತ್ತ ಮೇಲೆ ಮನೆಯ ಹಿರಿಯರ ಪೂಜೆಯ ಗೂಡಿನಲ್ಲಿ ಇಡಬೇಕಾದ ಪಟವನ್ನು ಬದುಕಿರುವಾಗಲೇ ತೆಗೆಸಿಟ್ಟುಕೊಳ್ಳುತ್ತಾರಲ್ಲ, ಅಜ್ಜಿಯೂ ವಸಂತದಲ್ಲಿ ಸ್ಟುಡಿಯೋಗೆ ಹೋಗಿ ತೆಗೆಸಿದ್ದಳು. ಪಟ ಬಂತು. ನೋಡಿದರೆ ಸುಂಕದ ಕಟ್ಟೆಯ ಅಧಿಕಾರಿ ಯಾರದೋ ಗಂಟು ಬಿಚ್ಚಿಸುತ್ತಿರುವ ಹಾಗಿದೆ. "ಇದನ್ನ ಇಡೋದಾದ್ರೆ ನಾನು ಸಾಯೋದೇ ಇಲ್ಲ" ಎಂದಳು. ಎಪ್ಪತ್ತೇಳನೆಯ ಹುಟ್ಟುಹಬ್ಬಕ್ಕೆ ಪದ್ಧತಿಯಂತೆ ಹೇಗೂ ನೇರಳೆ ಟೋಪಿ, ನೇರಳೆ ಮೇಲಂಗಿ ತೊಡಿಸುತ್ತೇವೆ, ಆವತ್ತೇ ತೆಗೆದುಬಿಡೋಣವೆಂದು ನಾನು ಕ್ಯಾಮೆರಾ ಹಿಡಿದು ನಿಲ್ದಾಣದ ಮುಂದಿನ ಹಳೆ ಕ್ಯಾಮೆರಾ ಅಂಗಡಿಗೆ ಹೋದೆ.

ಅಂಗಡಿಯ ನಾಗತೋಮೊ ಹಸಿರು ಬಟ್ಟೆ ಹಾಸಿದ ತಟ್ಟೆಯಲ್ಲಿ ಮೂರು ಲೆನ್ಸ್ ತಂದಿಟ್ಟಳು, ಇಪ್ಪತ್ತೆಂಟು, ನಲವತ್ತು, ಎಂಬತ್ತೈದು. ಅಂಕಿ ದೊಡ್ಡದಾದಷ್ಟೂ ದೂರ ನಿಂತು ತೆಗೆಯಬೇಕು, ಅಷ್ಟು ನಿನಗೇ ಗೊತ್ತು. ಅಲ್ಲಿ ಯಾರಿದ್ದರೆನ್ನುತ್ತೀಯೆ? ನಮ್ಮ ಇನಾದಾ! ನನ್ನ ಜೊತೆ ಹಡಗುಕಟ್ಟೆಯಲ್ಲಿ ದುಡಿದವನು, ಈಗ ಕೊರಳಿಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ದಿನವೆಲ್ಲ ಆ ಅಂಗಡಿಯಲ್ಲೇ ನೆಲೆಸಿದ್ದಾನೆ. ಇಪ್ಪತ್ತೆಂಟನ್ನು ಹಾಕಿ ಅವನ ಮುಖದ ಹತ್ತಿರ ಹಿಡಿದು ನೋಡಿದೆ. ಮೂಗು ಬದನೆಕಾಯಿಯಾಯಿತು. ಅದು ಬೇಡವೆಂದು ಇಟ್ಟೆ. ನಲವತ್ತಕ್ಕೆ ಕೈಹಾಕಿದರೆ ಇನಾದಾ ನನ್ನ ಕೈಗೇ ಹೊಡೆದ. "ಲೋ ತೊಕುಜಿ, ಮುಖಕ್ಕೆ ಎಂಬತ್ತೈದು ಕಣೋ! ನಲವತ್ತು ಅನ್ನೋದು ಹತ್ರಕ್ಕೂ ಅಲ್ಲ, ದೂರಕ್ಕೂ ಅಲ್ಲ, ಮನಸ್ಸು ಗಟ್ಟಿ ಇಲ್ದೋರ ಲೆನ್ಸು." ನಾಗತೋಮೊ ಮೆಲ್ಲಗೆ, "ತೆಗೆಯೋದು ಯಾರನ್ನ ಅಜ್ಜಾ?" ಅಂದಳು. "ನನ್ನ ಹೆಂಡ್ತೀನ" ಅಂದೆ. "ಅವರು ನಿಮ್ಮಿಂದ ಎಷ್ಟು ದೂರ ಕೂತ್ಕೋತಾರೆ?" "ಜಗಳ ಆದ ದಿನವೋ, ಆಗದ ದಿನವೋ?" ಎಲ್ಲರೂ ನಕ್ಕರು. ನಕ್ಕ ಗುಂಗಿನಲ್ಲಿ ನಾನು ಎಂಬತ್ತೈದನ್ನೇ ಹೊತ್ತು ತಂದೆ.

ಹುಟ್ಟುಹಬ್ಬದ ದಿನ ಹಬ್ಬದ ಕೆಂಪು ಕಾಳಿನ ಅನ್ನ ಉಂಡು, ನೇರಳೆ ಟೋಪಿ ಹಾಕಿಸಿ, ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿದೆ. ಕ್ಯಾಮೆರಾದಲ್ಲಿ ನೋಡಿದರೆ ಬರೀ ಮುಖ. ಟೋಪಿ ಹಿಡಿಸಲೆಂದು ಹಿಂದೆ ಸರಿದೆ, ಮಡಿಲಿನ ಕೈ ಹಿಡಿಸಲೆಂದು ಇನ್ನೂ ಹಿಂದೆ. ಗೇಟು ದಾಟಿ ರಸ್ತೆಗೇ ಬಂದೆ. ಅಲ್ಲಿಂದ "ಸ್ವಲ್ಪ ನಗೇ!" ಎಂದೆ. "ಏನಂದ್ರಿ?" "ನಗೇ ಅಂದೆ!" "ಆಂ?" ನಾನು ಹಡಗುಕಟ್ಟೆಯ ಗಂಟಲು ತೆಗೆದೆ. ಎದುರು ಮನೆಯ ಕಿಟಕಿ ತೆರೆಯಿತು, ಅಂಚೆಯವನು ಬೈಕು ನಿಲ್ಲಿಸಿದ. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, "ಪಟ ತೆಗೀತಿದೀರೋ, ನನ್ನ ಹಿಡ್ಕೊಂಡು ಹೋಗಕ್ಕೆ ಬಂದಿದೀರೋ?" ಎಂದು ಅಲ್ಲಿಂದಲೇ ಕೂಗಿದಳು. ನಿನ್ನ ಸುದ್ದಿಯನ್ನೂ ಆವತ್ತೇ ಹೇಳಿ ಮುಗಿಸಬೇಕೆಂದಿದ್ದೆ. ಆದರೆ ಅಷ್ಟು ದೂರದಿಂದ ಅವಳಿಗೆ ಹೇಳುವುದೆಂದರೆ ಊರಿಗೆ ಹೇಳಿದಂತೆ, ಮಧ್ಯಾಹ್ನದೊಳಗೆ ಮೀನಿನಂಗಡಿಯವಳು ನಿನಗೆ ಶುಭ ಕೋರುತ್ತಿದ್ದಳು. ನುಂಗಿಕೊಂಡೆ. ಫೋಟೋಗಳಲ್ಲಿ ನೋಡಿದರೆ ಅದೇ ಸುಂಕದ ಅಧಿಕಾರಿ, ಈ ಸಲ ನೇರಳೆ ಟೋಪಿ ಹಾಕಿಕೊಂಡು.

ಮರುದಿನ ಲೆನ್ಸ್ ಬದಲಾಯಿಸಲು ಹೋದೆ. ಇನಾದಾನ ಕಡೆ ತಿರುಗಿಯೂ ನೋಡಲಿಲ್ಲ. ನಾಗತೋಮೊ ಏನೂ ಕೇಳದೆ ನಲವತ್ತನ್ನು ಹಸಿರು ಬಟ್ಟೆಯ ಮೇಲಿಟ್ಟಳು. ಅಕ್ಕಿಯ ಬಿಸ್ಕತ್ತಿನಷ್ಟು ತೆಳ್ಳಗಿದೆ ಮಗಳೇ, ಕ್ಯಾಮೆರಾಗೆ ಹಾಕಿದರೆ ಅಂಗಿಯ ಜೇಬಿಗೆ ಇಳಿಯುತ್ತದೆ. "ಇದು ಊಟದ ಮೇಜಿನಾಚೆ ಕೂತೋರಿಗೆ ಅಜ್ಜಾ" ಎಂದಳು. ಹಿಂದಿನಿಂದ ಇನಾದಾ, "ಮನಸ್ಸು ಗಟ್ಟಿ ಇಲ್ದೋನು ಬಂದ ನೋಡು" ಎಂದ. "ಹೌದಪ್ಪಾ, ಕಾಲೂ ಗಟ್ಟಿ ಇಲ್ಲ, ಗೇಟಿನ ತನಕ ಓಡಕ್ಕಾಗಲ್ಲ" ಎಂದು ಬಂದುಬಿಟ್ಟೆ.

ಶನಿವಾರ ಹಿತ್ತಲಿನ ಒಗರು ಕಾಕಿ ಹಣ್ಣು ಇಳಿಸಿದೆವು. ಸಿಪ್ಪೆ ಹೆರೆದು, ದಾರ ಕಟ್ಟಿ, ಒಗರು ಹೋಗಿ ಸಿಹಿಯಾಗಿ ಒಣಗಲೆಂದು ಸೂರಿನಡಿ ತೂಗುಹಾಕುವ ಕೆಲಸ. ರಜಾಯಿ ಹೊದಿಸಿದ ಬೆಚ್ಚನೆಯ ಮೇಜಿನಡಿ ಕಾಲು ಚಾಚಿ, ಅವಳು ಆ ಕಡೆ, ನಾನು ಈ ಕಡೆ. ಕ್ಯಾಮೆರಾ ಎತ್ತಿ ನೋಡಿದೆ. ಮುಖ, ಎರಡು ಕೈ, ಹಣ್ಣಿನ ರಾಶಿ, ಎಲ್ಲ ಹಿಡಿಸಿತ್ತು, ನಾನು ಕದಲಬೇಕಾಗಿರಲಿಲ್ಲ. ಆ ದೂರದಲ್ಲಿ ಅವಳಿಗೆ ನನ್ನ ಮಾತೂ ಕೇಳುತ್ತದೆ. ಇನ್ನೊಂದು ಸಂಗತಿ ನಿನಗೆ ಗೊತ್ತೇ ಇದೆ. ಅಜ್ಜಿ ನಗುವಾಗ ಕೈಯಲ್ಲಿ ಬಾಯಿ ಮುಚ್ಚುತ್ತಾಳೆ, ಅವಳ ಕಾಲದ ಹೆಣ್ಣುಮಕ್ಕಳಿಗೆ ಅದು ತಾಯಿ ಕಲಿಸಿದ ಪಾಠ. ಇಷ್ಟು ವರ್ಷದ ಸಂಸಾರದಲ್ಲಿ ಅವಳ ನಗುವನ್ನು ನಾನು ಕೇಳಿದ್ದೇ ಹೆಚ್ಚು, ನೋಡಿದ್ದು ಕಡಿಮೆ. ಈಗ ನೋಡು, ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಅಂಟಂಟು ಹಣ್ಣು. ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲವೆನ್ನಿಸಿ, ಕ್ಯಾಮೆರಾದ ಹಿಂದೆ ಮುಖ ಅಡಗಿಸಿಕೊಂಡು ಹೇಳಿಯೇಬಿಟ್ಟೆ. "ಫುಸಾಕೊ, ನಮ್ಮ ಹುಡುಗಿ ಮದುವೆ ಆಗ್ತಾಳಂತೆ. ಹುಡುಗ ಅಲ್ಲೇ ಹಸು ಸಾಕೋನು. ಅಲ್ಲೇ ಇರ್ತಾಳಂತೆ."

ಚಾಕು ನಿಂತಿತು. ಸಿಪ್ಪೆ ಹಾವಿನಂತೆ ಜೋತುಬಿದ್ದಿತ್ತು. ಒಂದು ಉಸಿರಿನಷ್ಟು ಹೊತ್ತು ಆ ಮುಖದಲ್ಲಿ ಏನೂ ಇರಲಿಲ್ಲ, ನನ್ನ ಬೆರಳಿಗೆ ಗುಂಡಿ ಒತ್ತುವುದೇ ಮರೆತುಹೋಯಿತು. ಆಮೇಲೆ ನಗು ಬಂತು ನೋಡು! ಭುಜ ಕುಣಿಯಿತು, ಕಣ್ಣು ಮುಚ್ಚಿಹೋಯಿತು, ಎರಡು ಕೈಯೂ ಅಭ್ಯಾಸಬಲದಿಂದ ಬಾಯಿಗೆ ಹೊರಟು, ಒಂದರಲ್ಲಿ ಚಾಕು ಇನ್ನೊಂದರಲ್ಲಿ ಹಣ್ಣು ಕಂಡು ಅರ್ಧದಲ್ಲೇ ನಿಂತವು. ಮೇಲಿನ ಸೊಟ್ಟ ಹಲ್ಲು ಹೊರಗೆ ಬಂದು ಬೆಳಕು ನೋಡಿತು. ಒತ್ತಿದೆ. ನೀನು ಕೇಳಿದ ಮುಖ ಈ ಕಾಗದದ ಜೊತೆಗಿದೆ, ನೀನೇ ನೋಡಿಕೋ, ನಾನು ಬರೆದು ಕೆಡಿಸುವುದಿಲ್ಲ. ಹಿರಿಯರ ಗೂಡಿಗೆ ಇದನ್ನು ಕೊಡುವುದಿಲ್ಲವಂತೆ. "ಇಷ್ಟು ಬಾಯಿ ಬಿಟ್ಟೋಳು ಸತ್ತಿದಾಳೆ ಅಂದ್ರೆ ಯಾರು ನಂಬ್ತಾರೆ?" ಎಂದಳು.

ಒಣಗಿದ ಮೇಲೆ ಹಣ್ಣು ಕಳಿಸುತ್ತೇವೆ. ಹೊಟ್ಟೆ ತುಂಬ ಉಣ್ಣು, ಬೆಚ್ಚಗಿರು, ನಿನ್ನ ಕೈಯಿಂದ ಹುಟ್ಟುವ ಕರುಗಳೆಲ್ಲ ಎದ್ದು ನಿಲ್ಲಲಿ.

ನಿನ್ನ ಪ್ರೀತಿಯ ಅಜ್ಜ,
ತೊಕುಜಿ

ಮರೆತೆ, ಅಂಚೆಯವನು ಬರುವುದರೊಳಗೆ ಬರೆಯುತ್ತೇನೆ: ಅಜ್ಜಿ ನಕ್ಕಿದ್ದು ಯಾಕೆ ಗೊತ್ತೇ? ನಗು ನಿಂತ ಮೇಲೆ ಚಾಕುವಿನಲ್ಲೇ ಫ್ರಿಜ್ಜಿನ ಕಡೆ ತೋರಿಸಿದಳು, ನೀನು ಹೋದ ವರ್ಷವೆಲ್ಲ ಕಳಿಸಿದ ಹಸುಗಳ ಫೋಟೋ ಅಲ್ಲಿ ಅಂಟಿಸಿದ್ದೇವಲ್ಲ. "ನಂಗೆ ಕಿವಿ ಕೇಳಲ್ಲ, ಕಣ್ಣೂ ಹೋಗಿದ್ಯಾ? ಒಂದೊಂದರಲ್ಲೂ ಹಸು ದೂರ, ಆ ನೀಲಿ ಟೋಪಿ ಹುಡುಗ ಹತ್ರ. ಹಸು ಬೇಕಾಗಿದ್ದೋಳು ಹಾಗೆ ತೆಗೀತಾಳೇನ್ರೀ? ನಿಮಗಿಂತ ಮುಂಚೆನೇ ನಂಗೊತ್ತು, ಯಾವಾಗ ಬಾಯಿ ಬಿಡ್ತೀರೋ ಅಂತ ಕಾಯ್ತಿದ್ದೆ." ಹೊಸ ವರ್ಷಕ್ಕೆ ಅವನನ್ನು ಕರೆದುಕೊಂಡು ಬಾ, ಮೇಜಿನಲ್ಲಿ ತನ್ನ ಎದುರೇ ಕೂರಿಸಬೇಕಂತೆ. ನಾಳೆ ಕಿವಿಯ ಯಂತ್ರಕ್ಕೆ ಅಳತೆ ಕೊಡಲು ತಾನಾಗಿಯೇ ಹೊರಟಿದ್ದಾಳೆ. ಕೇಳಬೇಕಾದ್ದು ಇನ್ನೂ ಒಂದಿಷ್ಟು ಉಳಿದಿದೆಯಂತೆ.